ಪ್ರಯೋಗಾಲಯಕ್ಕೂ ಇರಲಿ ಪಾಟಿ ಸವಾಲು

ಒಂದು ಕಾಲಕ್ಕೆ ದೇಶದ ಮಂಪರು ಪರೀಕ್ಷೆಗಳೆಲ್ಲ ಬೆಂಗಳೂರಿಗೇ ಬರುತ್ತಿದ್ದವು. ಅವುಗಳಿಗೆ ಕಡಿವಾಣ ಹಾಕಿದ ಪ್ರಕರಣವೂ ಕರ್ನಾಟಕದಿಂದಲೇ ಹೊರಟಿತು. ದೊಡ್ಡ ಅಪರಾಧಗಳ ತನಿಖೆಗೆಲ್ಲ ವಿಧಿವಿಜ್ಞಾನ ಕಡ್ಡಾಯವಾಗುತ್ತಿರುವ ಈ ಹೊತ್ತಿನಲ್ಲಿ ಬೆರಳಚ್ಚು, ಗುಂಡು, ಡಿಎನ್‌ಎ ವರದಿಗಳಿಗೂ ಆಗ ಕೇಳಿದ ಪ್ರಶ್ನೆಯನ್ನೇ ಕೇಳಬೇಕಾಗಿದೆ.

ಆರೋಪಿಯನ್ನು ಶಸ್ತ್ರಚಿಕಿತ್ಸಾ ಕೊಠಡಿಯ ಮೇಜಿನ ಮೇಲೆ ಮಲಗಿಸುತ್ತಾರೆ. ಕೈಯ ನರಕ್ಕೆ ಸೂಜಿ ಚುಚ್ಚಿ ಸೋಡಿಯಂ ಪೆಂಟೋಥಾಲ್ ಎಂಬ ಅರಿವಳಿಕೆ ಮದ್ದನ್ನು ನಿಧಾನವಾಗಿ ಬಿಡುತ್ತಾರೆ. ಮದ್ದು ಹೆಚ್ಚಾದರೆ ಉಸಿರೇ ನಿಲ್ಲಬಹುದು, ಕಡಿಮೆಯಾದರೆ ಎಚ್ಚರವಾಗಿಬಿಡುತ್ತದೆ. ಹಾಗಾಗಿ ಅರಿವಳಿಕೆ ತಜ್ಞರು ನಾಡಿ, ರಕ್ತದೊತ್ತಡ, ಉಸಿರಾಟವನ್ನು ನೋಡುತ್ತ ಪಕ್ಕದಲ್ಲೇ ನಿಂತಿರುತ್ತಾರೆ. ನಿದ್ದೆಗೂ ಎಚ್ಚರಕ್ಕೂ ನಡುವೆ ಅವನನ್ನು ಹಿಡಿದಿಟ್ಟು ಮನೋವಿಜ್ಞಾನಿ ಒಂದೊಂದೇ ಪ್ರಶ್ನೆ ಕೇಳುತ್ತಾರೆ. ತೊದಲುತ್ತ, ಅರ್ಧರ್ಧ ವಾಕ್ಯದಲ್ಲಿ ಉತ್ತರ ಬರುತ್ತದೆ. ವಿಡಿಯೊ ಕ್ಯಾಮೆರಾ ಅದನ್ನೆಲ್ಲ ದಾಖಲಿಸಿಕೊಳ್ಳುತ್ತದೆ.

2000ದ ದಶಕದಲ್ಲಿ ದೇಶದ ಯಾವ ಮೂಲೆಯಲ್ಲಿ ಸುದ್ದಿಯಾಗುವಂಥ ಅಪರಾಧ ನಡೆದರೂ ಶಂಕಿತರನ್ನು ಬೆಂಗಳೂರಿಗೆ ಕರೆತರುವುದು ರೂಢಿಯಾಗಿತ್ತು. ಮಡಿವಾಳದ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯದ ಹೆಸರು ಆಗ ಮನೆಮನೆಗೆ ಗೊತ್ತು. ಖಾನಾಪುರದ ಅಬ್ದುಲ್ ಕರೀಂ ತೆಲಗಿಗೆ ಛಾಪಾ ಕಾಗದ ಹಗರಣದಲ್ಲಿ ಮಂಪರು ಪರೀಕ್ಷೆ ನಡೆದದ್ದು ಇಲ್ಲೇ. ಅದರ ದೃಶ್ಯಗಳು ಟಿ.ವಿ. ವಾಹಿನಿಗಳಲ್ಲಿ ಪ್ರಸಾರವಾದವು. ಮದ್ದಿನ ಅಮಲಿನಲ್ಲಿದ್ದ ಮನುಷ್ಯ ಉಸುರಿದ ಹೆಸರುಗಳನ್ನು ಇಡೀ ದೇಶ ಊಟ ಮಾಡುತ್ತ ಕೇಳಿತು. ಕೇರಳದ ಸಿಸ್ಟರ್ ಅಭಯಾ ಪ್ರಕರಣದ ಶಂಕಿತರೂ 2007ರಲ್ಲಿ ಬೆಂಗಳೂರಿಗೇ ಬಂದರು. ಆ ಪರೀಕ್ಷೆಯ ಸಿಡಿಗಳನ್ನು ಕತ್ತರಿಸಿ ಜೋಡಿಸಲಾಗಿದೆಯೇ ಎಂಬ ಪ್ರಶ್ನೆ ಮುಂದೆ ಕೇರಳ ಹೈಕೋರ್ಟಿನ ಮುಂದೆಯೂ ಬಂತು. ಮಂಪರು ಪರೀಕ್ಷೆ ನಡೆಯಿತು ಎಂದರೆ ಪ್ರಕರಣ ಅರ್ಧ ಬಗೆಹರಿದಂತೆ ಎಂಬ ನಂಬಿಕೆ ಪೊಲೀಸರಲ್ಲಿ, ಓದುಗರಲ್ಲಿ, ನೊಂದ ಕುಟುಂಬಗಳಲ್ಲಿ ಒಂದೇ ಸಮನೆ ಬೇರೂರಿತ್ತು.

ಆ ನಂಬಿಕೆ ಎಲ್ಲಿಂದ ಬಂತು, ಹೇಗೆ ಕುಸಿಯಿತು ಎಂಬುದನ್ನು ಈಗ ನೆನೆಯಲು ಕಾರಣವಿದೆ. ಒಂದು ವಿಧಾನವನ್ನು ವಿಜ್ಞಾನ ಎಂದು ಕರೆದ ಕೂಡಲೇ ನಾವು ಅದನ್ನು ಪರೀಕ್ಷಿಸುವುದನ್ನು ಬಿಟ್ಟುಬಿಡುತ್ತೇವೆ. ಅದರ ಬೆಲೆ ತೆರುವವರು ಆರೋಪಿಗಳಷ್ಟೇ ಅಲ್ಲ, ನ್ಯಾಯಕ್ಕಾಗಿ ಕಾದು ಕುಳಿತವರೂ ಹೌದು.

ತಕ್ಕಡಿ ಎಲ್ಲಿದೆ?

ಸತ್ಯ ಹೇಳಿಸುವ ಮದ್ದು ಎಂಬ ಕಲ್ಪನೆ ಹುಟ್ಟಿದ್ದು ಒಂದು ಹೆರಿಗೆ ಮನೆಯಲ್ಲಿ. ಅಮೆರಿಕದ ಟೆಕ್ಸಸ್ ರಾಜ್ಯದ ಫೆರಿಸ್ ಎಂಬ ಸಣ್ಣ ಊರಿನ ವೈದ್ಯ ರಾಬರ್ಟ್ ಹೌಸ್ 1916ರಲ್ಲಿ ಒಬ್ಬ ಹೆಣ್ಣುಮಗಳಿಗೆ ನೋವು ತಿಳಿಯದಿರಲೆಂದು ಸ್ಕೋಪೊಲಮಿನ್ ಕೊಟ್ಟು ಹೆರಿಗೆ ಮಾಡಿಸಿದರು. ಕೂಸನ್ನು ತೂಗಲು ತಕ್ಕಡಿ ಕೇಳಿದರು. ಗಂಡ ಮನೆಯೆಲ್ಲ ಹುಡುಕಿದರೂ ಸಿಗಲಿಲ್ಲ. ಮಂಪರಿನಲ್ಲಿದ್ದ ಬಾಣಂತಿಯೇ ಹೇಳಿದಳು: ಅಡುಗೆಮನೆಯಲ್ಲಿ, ಪಟದ ಹಿಂದೆ, ಮೊಳೆಗೆ ನೇತುಹಾಕಿದೆ. ಹೋಗಿ ನೋಡಿದರೆ ಅಲ್ಲೇ ಇತ್ತು. ಈ ಮದ್ದು ಕೊಟ್ಟರೆ ಮನುಷ್ಯ ಸುಳ್ಳು ಹೇಳಲಾರ ಎಂದು ಹೌಸ್ ತೀರ್ಮಾನಿಸಿಬಿಟ್ಟರು. 1922ರಲ್ಲಿ ಡಲಾಸ್ ಜೈಲಿನ ಇಬ್ಬರು ಕೈದಿಗಳ ಮೇಲೆ ಪ್ರಯೋಗ ಮಾಡಿದರು. ಪತ್ರಿಕೆಗಳು ಅದನ್ನು ಎತ್ತಿಕೊಂಡು ಮೆರೆಸಿದವು.

ಆ ತಾಯಿಗೆ ತಕ್ಕಡಿಯನ್ನು ಬಚ್ಚಿಡಲು ಕಾರಣವೇ ಇರಲಿಲ್ಲ. ಬಚ್ಚಿಡಬೇಕೆಂದು ಹಟ ಹಿಡಿದವರ ಬಾಯಿಂದ ಮದ್ದು ಸತ್ಯವನ್ನು ಹೊರಡಿಸುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. 1951ರಲ್ಲಿ ಯೇಲ್ ವಿಶ್ವವಿದ್ಯಾಲಯದ ತಂಡವೊಂದು ಅದನ್ನೇ ಪರೀಕ್ಷಿಸಿತು. ಒಂಬತ್ತು ಜನರಿಂದ ಅವರ ಬದುಕಿನ ಒಂದು ನಾಚಿಕೆಯ ಘಟನೆಯನ್ನು ಮೊದಲು ಕೇಳಿಕೊಂಡು, ಅದನ್ನು ಮುಚ್ಚಲು ಒಂದು ಕಟ್ಟುಕಥೆಯನ್ನೂ ಸಿದ್ಧಮಾಡಿಸಿ, ಪೆಂಟೋಥಾಲಿನ ಜಾತಿಗೇ ಸೇರಿದ ಸೋಡಿಯಂ ಅಮೈಟಾಲ್ ಕೊಟ್ಟು ಇನ್ನೊಬ್ಬರಿಂದ ಪ್ರಶ್ನೆ ಕೇಳಿಸಿತು. ಮನಸ್ಸು ಗಟ್ಟಿಯಿದ್ದವರು ಕಟ್ಟುಕಥೆಗೇ ಅಂಟಿಕೊಂಡರು. ತಪ್ಪಿತಸ್ಥ ಭಾವನೆಯಲ್ಲಿ ಬೇಯುತ್ತಿದ್ದವರು ಬಾಯಿಬಿಟ್ಟರು. ಕೆಲವರು ನಡೆದದ್ದನ್ನೂ ಕಲ್ಪನೆಯನ್ನೂ ಬೆರೆಸಿ ಹೇಳಿದರು. ಈ ಮದ್ದುಗಳು ಮಾತಿನ ಕಟ್ಟನ್ನು ಸಡಿಲಿಸುತ್ತವೆ, ಆದರೆ ಹೊರಬಂದ ಮಾತು ನಿಜವೋ ಕನಸೋ ಎಂದು ಹೇಳುವ ಶಕ್ತಿ ಅವಕ್ಕಿಲ್ಲ. ಅದಕ್ಕಿಂತ ಅಪಾಯದ ಸಂಗತಿಯೆಂದರೆ, ಮಂಪರಿನಲ್ಲಿ ಮನುಷ್ಯ ಸೂಚನೆಗೆ ಬೇಗ ಬಾಗುತ್ತಾನೆ. ‘ಚಾಕು ಎಲ್ಲಿ ಎಸೆದೆ?’ ಎಂದು ಕೇಳಿದರೆ ಚಾಕು ಕಾಣದವನೂ ಒಂದು ಜಾಗ ಹೇಳಬಲ್ಲ. ಮದ್ದಿನ ಬಲದಿಂದ ಪಡೆದ ತಪ್ಪೊಪ್ಪಿಗೆ ನಿಲ್ಲದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1963ರಲ್ಲೇ ಹೇಳಿತ್ತು. ನಾವು ಆ ಮದ್ದಿನ ಬಾಟಲಿಯನ್ನು ಅದಾಗಿ ನಲವತ್ತು ವರ್ಷದ ಮೇಲೆ ಕೈಗೆತ್ತಿಕೊಂಡೆವು.

ಹೊಸೂರು ರಸ್ತೆಯ ಎರಡು ಸಂಸ್ಥೆಗಳು

ಮಂಪರಿನ ಜೊತೆಗೇ ಬಂದದ್ದು ಬ್ರೇನ್ ಮ್ಯಾಪಿಂಗ್. ತಲೆಗೆ ವಿದ್ಯುದ್ವಾರಗಳ ಟೊಪ್ಪಿಗೆ ಹಾಕಿ, ಅಪರಾಧಕ್ಕೆ ಸಂಬಂಧಿಸಿದ ವಾಕ್ಯಗಳನ್ನು ಕೇಳಿಸಿ, ಮಿದುಳಿನ ಅಲೆಗಳನ್ನು ನೋಡಿ, ಆ ಘಟನೆ ಈ ವ್ಯಕ್ತಿಯ ಸ್ವಂತ ಅನುಭವವೇ ಎಂದು ಹೇಳುವುದಾಗಿ ಈ ವಿಧಾನ ಸಾರುತ್ತದೆ. ಇದರ ಒಂದು ರೂಪವನ್ನು ಬೆಳೆಸಿದವರು ನಿಮ್ಹಾನ್ಸ್‌ನ ಕ್ಲಿನಿಕಲ್ ಸೈಕಾಲಜಿ ವಿಭಾಗದ ಮುಖ್ಯಸ್ಥರಾಗಿದ್ದ ಚಂಪಾಡಿ ರಾಮನ್ ಮುಕುಂದನ್. 2008ರ ಜೂನ್‌ನಲ್ಲಿ ಪುಣೆಯ ನ್ಯಾಯಾಲಯವೊಂದು ಎಂಬಿಎ ಓದುತ್ತಿದ್ದ ಯುವತಿಯೊಬ್ಬಳಿಗೆ ಕೊಲೆ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆ ಕೊಟ್ಟಾಗ ಆಧಾರಗಳ ಪೈಕಿ ಈ ಪರೀಕ್ಷೆಯ ವರದಿಯೂ ಇತ್ತು. ಜಗತ್ತಿನ ನರವಿಜ್ಞಾನಿಗಳು ದಂಗಾದರು. ಸ್ವತಂತ್ರ ಸಂಶೋಧಕರು ಪರಿಶೀಲಿಸಿ ಒಪ್ಪದ, ತಪ್ಪಿನ ಪ್ರಮಾಣ ಎಷ್ಟೆಂದು ಯಾರೂ ಅಳೆಯದ ವಿಧಾನವೊಂದು ಒಬ್ಬರ ಇಡೀ ಬದುಕನ್ನು ತೂಗಿಬಿಟ್ಟಿತ್ತು. ಬಾಂಬೆ ಹೈಕೋರ್ಟ್ ಆಮೇಲೆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಆಕೆಗೆ ಜಾಮೀನು ನೀಡಿತು.

ಅದೇ ಹೊತ್ತಿಗೆ ನಿಮ್ಹಾನ್ಸ್‌ನ ಆಗಿನ ನಿರ್ದೇಶಕ ಡಾ. ಡಿ. ನಾಗರಾಜ ಅವರ ಅಧ್ಯಕ್ಷತೆಯ ತಜ್ಞರ ಸಮಿತಿಯೊಂದು ಬ್ರೇನ್ ಮ್ಯಾಪಿಂಗ್ ವಿಧಾನಗಳನ್ನು ಪರಿಶೀಲಿಸಿ 2008ರಲ್ಲಿ ವರದಿ ಕೊಟ್ಟಿತು. ಇವು ವೈಜ್ಞಾನಿಕವಾಗಿ ಸಾಬೀತಾಗಿಲ್ಲ, ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಬಳಸಬಾರದು ಎಂಬುದು ಅದರ ಸಾರ. ಮಡಿವಾಳದ ಪ್ರಯೋಗಾಲಯಕ್ಕೂ ನಿಮ್ಹಾನ್ಸ್‌ಗೂ ನಡುವೆ ಹೊಸೂರು ರಸ್ತೆಯ ಕೆಲವೇ ಕಿಲೋಮೀಟರು. ಒಂದೆಡೆ ಮಂಪರು ಪರೀಕ್ಷೆಗೆ ಸರದಿ, ಇನ್ನೊಂದೆಡೆ ಇಂಥ ಪರೀಕ್ಷೆಗಳ ಬುಡವನ್ನೇ ಅಲುಗಿಸುವ ವರದಿ. ತನ್ನ ಸಂಸ್ಥೆಯ ಅಂಗಳದಲ್ಲೇ ಬೇರುಬಿಟ್ಟ ವಿಧಾನವನ್ನು ತಾನೇ ನಿರ್ದಾಕ್ಷಿಣ್ಯವಾಗಿ ಪರೀಕ್ಷಿಸುವುದು ವಿಜ್ಞಾನದ ಅತಿ ಕಷ್ಟದ ಕೆಲಸ. ಬೆಂಗಳೂರು ಅದನ್ನು ಮಾಡಿ ತೋರಿಸಿತು ಎಂಬುದನ್ನು ನಾವು ಹೆಮ್ಮೆಯಿಂದ ನೆನೆಯಬೇಕು. ಮಂಪರು ಪರೀಕ್ಷೆಯ ದೃಶ್ಯಗಳಿಗೆ ಸಿಕ್ಕ ಪ್ರಚಾರದ ನೂರರಲ್ಲೊಂದು ಪಾಲೂ ಆ ವರದಿಗೆ ಸಿಗಲಿಲ್ಲ.

ಸೆಲ್ವಿ ತೀರ್ಪು

2004ರಲ್ಲಿ ಕರ್ನಾಟಕ ಹೈಕೋರ್ಟ್ ಮಂಪರು ಪರೀಕ್ಷೆಗೆ ಅಡ್ಡಿಯಿಲ್ಲ ಎಂದಿತ್ತು. ಬಾಂಬೆ ಹೈಕೋರ್ಟಿನ ನಿಲುವೂ ಅದೇ. ಪರೀಕ್ಷೆಗೆ ಒಪ್ಪದ ಆರೋಪಿಗಳ ಮೇಲ್ಮನವಿಗಳೆಲ್ಲ ಸುಪ್ರೀಂ ಕೋರ್ಟಿನಲ್ಲಿ ಒಟ್ಟುಗೂಡಿ ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಎಂಬ ಹೆಸರು ಪಡೆದವು. 2010ರ ಮೇ 5ರಂದು ತೀರ್ಪು ಬಂತು. ಪೀಠದಲ್ಲಿದ್ದವರು ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್, ನ್ಯಾಯಮೂರ್ತಿಗಳಾದ ಆರ್.ವಿ. ರವೀಂದ್ರನ್ ಮತ್ತು ಜೆ.ಎಂ. ಪಾಂಚಾಲ್. ರವೀಂದ್ರನ್ ಅವರು ಕರ್ನಾಟಕದವರೇ, ಇಲ್ಲಿನ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದವರು.

ಸರ್ಕಾರದ ಪರ ವಾದಕ್ಕೂ ತೂಕವಿತ್ತು. ಬೆರಳಚ್ಚು ತೆಗೆದುಕೊಳ್ಳಲು, ರಕ್ತದ ಮಾದರಿ ಪಡೆಯಲು ಆರೋಪಿಯ ಒಪ್ಪಿಗೆ ಬೇಡವೆಂದಾದರೆ ಇದಕ್ಕೇಕೆ ಬೇಕು? ಠಾಣೆಯ ಲಾಠಿಗಿಂತ ಆಸ್ಪತ್ರೆಯ ಸೂಜಿ ಮೇಲಲ್ಲವೇ? ಮೊದಲನೆಯ ಪ್ರಶ್ನೆಗೆ ಉತ್ತರ ಹುಡುಕಲು ನ್ಯಾಯಾಲಯ 1961ರ ಹನ್ನೊಂದು ನ್ಯಾಯಮೂರ್ತಿಗಳ ಪೀಠದ ತೀರ್ಪಿಗೆ ಹೋಯಿತು. ಬೆರಳಚ್ಚು, ಕೈಬರಹದ ಮಾದರಿ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿದಂತಲ್ಲ ಎಂದು ಆ ಪೀಠ ಹೇಳಿತ್ತು. ಬೆರಳಚ್ಚು ಎಲ್ಲಿದ್ದರೂ ಬೆರಳಚ್ಚೇ. ಅದನ್ನು ಆರೋಪಿ ಮನಸ್ಸಿನಿಂದ ಹೊರತೆಗೆದು ಕೊಡಬೇಕಾಗಿಲ್ಲ. ಮಂಪರಿನಲ್ಲಿ ಆಡಿದ ಮಾತು, ಸುಳ್ಳು ಪತ್ತೆ ಯಂತ್ರದ ಗೆರೆ, ಮಿದುಳಿನ ಅಲೆ ಈ ಮೂರೂ ಮನಸ್ಸಿನೊಳಗೆ ಇರುವುದನ್ನು ಹೊರಗೆಳೆಯುತ್ತವೆ. ಬಾಯಿ ಮುಚ್ಚಿಕೊಂಡಿರುವ ಹಕ್ಕನ್ನು ಸಂವಿಧಾನದ 20(3)ನೇ ವಿಧಿ ಕೊಟ್ಟಿದೆ. ಮನಸ್ಸಿನ ಖಾಸಗಿತನವನ್ನು 21ನೇ ವಿಧಿ ಕಾಯುತ್ತದೆ. ಒತ್ತಾಯದ ಪರೀಕ್ಷೆ ಇವೆರಡನ್ನೂ ಮುರಿಯುತ್ತದೆ ಎಂದು ನ್ಯಾಯಾಲಯ ತೀರ್ಮಾನಿಸಿತು. ಲಾಠಿಯ ಪ್ರಶ್ನೆಗೂ ಉತ್ತರವಿತ್ತು: ಒಂದು ಕಾನೂನುಬಾಹಿರ ಹಿಂಸೆಯನ್ನು ತಪ್ಪಿಸಲು ಇನ್ನೊಂದು ಬಲವಂತವನ್ನು ಒಪ್ಪಲಾಗದು.

ಒಪ್ಪಿಗೆಯಿದ್ದರೆ ಪರೀಕ್ಷೆ ಮಾಡಬಹುದು. ಆದರೆ ಒಪ್ಪಿಗೆ ಮ್ಯಾಜಿಸ್ಟ್ರೇಟರ ಮುಂದೆ ದಾಖಲಾಗಬೇಕು, ವಕೀಲರ ನೆರವು ಸಿಗಬೇಕು. ಪರೀಕ್ಷೆಯಲ್ಲಿ ಆಡಿದ ಮಾತು ತಾನಾಗಿಯೇ ಸಾಕ್ಷ್ಯವಾಗದು. ಆ ಮಾತಿನ ಜಾಡು ಹಿಡಿದು ವಸ್ತುವೇನಾದರೂ ಸಿಕ್ಕರೆ ಅದನ್ನು ಮಾತ್ರ ಆಗ ಜಾರಿಯಲ್ಲಿದ್ದ ಸಾಕ್ಷ್ಯ ಕಾಯ್ದೆಯ 27ನೇ ಸೆಕ್ಷನ್ನಿನಡಿ ಪರಿಗಣಿಸಬಹುದಿತ್ತು. ಠಾಣೆಯಲ್ಲಿರುವ ಬಡ ಆರೋಪಿಯೊಬ್ಬ ಕೊಡುವ ‘ಒಪ್ಪಿಗೆ’ ಎಷ್ಟು ಸ್ವತಂತ್ರ ಎಂಬ ಪ್ರಶ್ನೆಯನ್ನು ತೀರ್ಪು ಪೂರ್ತಿ ಬಗೆಹರಿಸಲಿಲ್ಲ. ನನ್ನ ಮಟ್ಟಿಗೆ ಅದರ ದುರ್ಬಲ ಜಾಗ ಅದೇ. ತೀರ್ಪು ಬಂದು ವರ್ಷಗಳು ಕಳೆದ ಮೇಲೂ ಪಟ್ನಾ ಹೈಕೋರ್ಟಿನಲ್ಲಿ ಜಾಮೀನು ಅರ್ಜಿಯೊಂದರ ವಿಚಾರಣೆಯ ವೇಳೆ, ಎಲ್ಲ ಆರೋಪಿಗಳ ಮಂಪರು ಪರೀಕ್ಷೆ ಮಾಡುತ್ತೇವೆಂದು ಪೊಲೀಸರು ಹೇಳಿದ್ದನ್ನು ಒಪ್ಪಿಕೊಳ್ಳಲಾಗಿತ್ತು. 2025ರ ಜೂನ್ 9ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿ ಸೆಲ್ವಿ ತೀರ್ಪನ್ನು ಮತ್ತೆ ನೆನಪಿಸಬೇಕಾಯಿತು.

ಬೆರಳಚ್ಚಿಗೂ ಅದೇ ಪ್ರಶ್ನೆ

ಮಂಪರು ಪರೀಕ್ಷೆ ಕಣ್ಣಿಗೆ ರಾಚುವ ಉದಾಹರಣೆ. ಅದನ್ನು ಬದಿಗಿಟ್ಟ ಮೇಲೆ, ನಾವು ಕಣ್ಣುಮುಚ್ಚಿ ನಂಬುವ ವಿಧಾನಗಳ ಕಡೆ ತಿರುಗಬೇಕು.

ಜಗತ್ತಿನ ಮೊದಲ ಬೆರಳಚ್ಚು ಕಚೇರಿ 1897ರಲ್ಲಿ ಶುರುವಾದದ್ದು ಕೋಲ್ಕತ್ತದಲ್ಲಿ. ಬೆರಳಚ್ಚುಗಳನ್ನು ವಿಂಗಡಿಸುವ ಕ್ರಮಕ್ಕೆ ಬ್ರಿಟಿಷ್ ಅಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರು ಅಂಟಿಕೊಂಡಿತಾದರೂ ಅದರ ಗಣಿತವನ್ನು ಕಟ್ಟಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯ ಸಬ್ ಇನ್‌ಸ್ಪೆಕ್ಟರರು. ಅಂದಿನಿಂದ ನೂರು ವರ್ಷ ಬೆರಳಚ್ಚು ತಜ್ಞರ ಮಾತಿಗೆ ಎದುರಿರಲಿಲ್ಲ. 2004ರ ಮಾರ್ಚ್‌ನಲ್ಲಿ ಮ್ಯಾಡ್ರಿಡ್‌ನ ರೈಲುಗಳಲ್ಲಿ ಬಾಂಬು ಸಿಡಿದವು. ಸ್ಫೋಟಕದ ಚೀಲವೊಂದರ ಮೇಲಿದ್ದ ಬೆರಳಚ್ಚು ಅಮೆರಿಕದ ಒರೆಗಾನ್ ರಾಜ್ಯದ ವಕೀಲರೊಬ್ಬರದ್ದು ಎಂದು ಎಫ್‌ಬಿಐ ತಜ್ಞರು ಒಬ್ಬರ ಮೇಲೊಬ್ಬರು ದೃಢಪಡಿಸಿದರು. ಆತ ಎರಡು ವಾರ ಬಂಧನದಲ್ಲಿದ್ದರು. ಅದು ಅಲ್ಜೀರಿಯಾದ ಬೇರೊಬ್ಬನ ಬೆರಳು ಎಂದು ಸ್ಪೇನಿನ ಪೊಲೀಸರು ತೋರಿಸಿಕೊಟ್ಟ ಮೇಲೆ ಎಫ್‌ಬಿಐ ಕ್ಷಮೆ ಕೇಳಿತು.

ಈ ಪ್ರಮಾದದಿಂದ ಒಳ್ಳೆಯ ಸಂಶೋಧನೆ ಹುಟ್ಟಿತು. ಇಟಿಯೆಲ್ ಡ್ರೋರ್ ಎಂಬ ಮನೋವಿಜ್ಞಾನಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಐವರು ಅನುಭವಿ ತಜ್ಞರಿಗೆ ಒಂದೊಂದು ಜೊತೆ ಬೆರಳಚ್ಚು ಕೊಟ್ಟು, ಇವು ಆ ಮ್ಯಾಡ್ರಿಡ್ ಪ್ರಕರಣದಲ್ಲಿ ತಪ್ಪಾಗಿ ಹೊಂದಿಸಿದ ಅಚ್ಚುಗಳು ಎಂದು ಹೇಳಿದರು. ನಿಜಕ್ಕೂ ಅವು ಅದೇ ತಜ್ಞರು ವರ್ಷಗಳ ಹಿಂದೆ ಹೊಂದಿಕೆಯಾಗುತ್ತವೆ ಎಂದು ತಾವೇ ಬರೆದುಕೊಟ್ಟಿದ್ದ ಅಚ್ಚುಗಳು. ಐವರಲ್ಲಿ ಒಬ್ಬರು ಮಾತ್ರ ಹಳೆಯ ತೀರ್ಮಾನಕ್ಕೆ ಅಂಟಿಕೊಂಡರು. ಮೂವರು ಹೊಂದುವುದಿಲ್ಲ ಎಂದರು, ಒಬ್ಬರು ಹೇಳಲಾಗದು ಎಂದರು. ಗೆರೆಗಳು ಬದಲಾಗಿರಲಿಲ್ಲ, ಕಿವಿಗೆ ಬಿದ್ದ ಕಥೆ ಬದಲಾಗಿತ್ತು. ತನಿಖಾಧಿಕಾರಿ ಮುದ್ದೆಮಾಲಿನ ಜೊತೆ ಕಳಿಸುವ ಪತ್ರದಲ್ಲಿ ‘ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ’ ಎಂಬ ಒಂದು ಸಾಲಿದ್ದರೆ ಸೂಕ್ಷ್ಮದರ್ಶಕದ ಹಿಂದಿನ ಕಣ್ಣು ಏನು ನೋಡುತ್ತದೆ ಎಂದು ಯೋಚಿಸಬೇಕು.

2011ರಲ್ಲಿ ಅಮೆರಿಕದಲ್ಲಿ 169 ಬೆರಳಚ್ಚು ತಜ್ಞರ ಮೇಲೆ ದೊಡ್ಡ ಅಧ್ಯಯನ ನಡೆಯಿತು. ಬೇರೆಯವರ ಬೆರಳನ್ನು ಅದೇ ವ್ಯಕ್ತಿಯದ್ದೆಂದು ತಪ್ಪಾಗಿ ಹೇಳಿದ್ದು ಶೇ 0.1ರಷ್ಟು ಸಲ, ಅದೇ ವ್ಯಕ್ತಿಯ ಬೆರಳನ್ನು ಬೇರೆಯವರದ್ದೆಂದು ಹೇಳಿದ್ದು ಶೇ 7.5ರಷ್ಟು ಸಲ. ಅಂದರೆ ಬೆರಳಚ್ಚು ನಂಬಲರ್ಹವೇ, ಆದರೆ ದೋಷಮುಕ್ತವಲ್ಲ. ನ್ಯಾಯಾಧೀಶರಿಗೆ ಬೇಕಾದ್ದು ಇಂಥ ಅಂಕಿ. ಕೂದಲಿನ ಹೋಲಿಕೆಯ ಕಥೆಯಂತೂ ಇನ್ನೂ ಕೆಟ್ಟದು. ಎಫ್‌ಬಿಐ ತನ್ನ ಹಳೆಯ ಕಡತಗಳನ್ನು ತಾನೇ ತೆರೆದು ನೋಡಿದಾಗ, 28 ತಜ್ಞರ ಪೈಕಿ 26 ಜನ ವಿಜ್ಞಾನ ಹೇಳಬಹುದಾದ್ದಕ್ಕಿಂತ ಹೆಚ್ಚನ್ನು ಹೇಳಿದ್ದರು ಅಥವಾ ಬರೆದಿದ್ದರು ಎಂದು 2015ರಲ್ಲಿ ಒಪ್ಪಿಕೊಂಡಿತು. 2009ರಲ್ಲೇ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ವರದಿ ಕೊಟ್ಟು ಎಚ್ಚರಿಸಿತ್ತು: ಇಂತಹ ಗುರುತು ಇಂಥ ವ್ಯಕ್ತಿಯದ್ದೇ ಎಂದು ಖಚಿತವಾಗಿ ಹೇಳಬಲ್ಲ ಸಾಮರ್ಥ್ಯವನ್ನು ಕಟ್ಟುನಿಟ್ಟಾಗಿ ಸಾಬೀತುಪಡಿಸಿರುವುದು ಡಿಎನ್‌ಎ ವಿಶ್ಲೇಷಣೆಯೊಂದೇ. ಪ್ರಯೋಗಾಲಯಗಳನ್ನು ಪೊಲೀಸರ ಹಿಡಿತದಿಂದ ಹೊರತರಬೇಕು ಎಂಬುದು ಅದರ ಮುಖ್ಯ ಶಿಫಾರಸುಗಳಲ್ಲೊಂದು.

ಧಾರವಾಡ, ರಾಜರಾಜೇಶ್ವರಿ ನಗರ

ಇಷ್ಟೆಲ್ಲ ಹೇಳಿದ್ದರಿಂದ ವಿಧಿವಿಜ್ಞಾನದ ಮೇಲೆ ನನಗೆ ನಂಬಿಕೆಯಿಲ್ಲ ಎಂದು ಯಾರೂ ತಿಳಿಯಬಾರದು. ಅದಿಲ್ಲದೆ ಕೆಲವು ಸತ್ಯಗಳು ಮೇಲೆ ಬರುತ್ತಲೇ ಇರಲಿಲ್ಲ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಮನೆಯಲ್ಲಿ ವಚನ ಸಂಶೋಧಕ ಎಂ.ಎಂ. ಕಲಬುರ್ಗಿ ಅವರನ್ನು ಗುಂಡಿಟ್ಟು ಕೊಂದರು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದ ಮನೆಯ ಮುಂದೆ ಪತ್ರಕರ್ತೆ ಗೌರಿ ಲಂಕೇಶರ ಕೊಲೆಯಾಯಿತು. ನಡುವೆ ಎರಡು ವರ್ಷ, ನಾನೂರು ಕಿಲೋಮೀಟರು. ಎರಡೂ ಕಡೆ ಸಿಕ್ಕ ಗುಂಡು, ಕಾಡತೂಸುಗಳನ್ನು ಹೋಲಿಸಿ, ಇವು ಒಂದೇ 7.65 ಎಂಎಂ ನಾಡ ಪಿಸ್ತೂಲಿನಿಂದ ಹಾರಿದವು ಎಂದು ಪ್ರಯೋಗಾಲಯ ವರದಿ ಕೊಟ್ಟಿತು. ಎರಡು ಬೇರೆ ಬೇರೆ ಕೊಲೆಗಳಂತೆ ಕಾಣುತ್ತಿದ್ದವನ್ನು ಒಂದೇ ದಾರದಲ್ಲಿ ಪೋಣಿಸಿದ್ದು ಆ ವರದಿ. ವಿಶೇಷ ತನಿಖಾ ತಂಡದ ದೋಷಾರೋಪ ಪಟ್ಟಿಯಲ್ಲಿ ಅದಕ್ಕೆ ಮಹತ್ವದ ಜಾಗವಿದೆ.

ಪಿಸ್ತೂಲಿನ ಸೂಜಿ ಕಾಡತೂಸಿನ ಹಿಂಬದಿಗೆ ಬಡಿದಾಗ ಒಂದು ಗುಳಿ ಬೀಳುತ್ತದೆ. ನಳಿಗೆಯೊಳಗೆ ಹಾದುಹೋಗುವ ಗುಂಡಿನ ಮೈಮೇಲೆ ಗೀರುಗಳು ಮೂಡುತ್ತವೆ. ಹೋಲಿಕೆ ಸೂಕ್ಷ್ಮದರ್ಶಕದಲ್ಲಿ ಎರಡು ಗುಂಡುಗಳನ್ನು ಅಕ್ಕಪಕ್ಕ ಇಟ್ಟು ಗೀರಿಗೆ ಗೀರು ಕೂಡುತ್ತದೆಯೇ ಎಂದು ತಜ್ಞರು ನೋಡುತ್ತಾರೆ. ಎಷ್ಟು ಗೀರು ಕೂಡಿದರೆ ‘ಒಂದೇ ಪಿಸ್ತೂಲು’ ಎನ್ನಬೇಕು ಎಂಬುದು ಬಹುಮಟ್ಟಿಗೆ ಅವರ ಅನುಭವಕ್ಕೆ ಬಿಟ್ಟದ್ದು. ಆದ್ದರಿಂದಲೇ ಇಂಥ ವರದಿ ಬರೆದವರು ಸಾಕ್ಷಿಕಟ್ಟೆ ಹತ್ತಿ, ಫೋಟೊಗಳನ್ನು ತೋರಿಸಿ, ಪಾಟಿ ಸವಾಲಿನಲ್ಲಿ ನಿಂತು ಗೆಲ್ಲಬೇಕು. ಗೆದ್ದ ವರದಿಯನ್ನು ಮೇಲಿನ ನ್ಯಾಯಾಲಯಗಳಲ್ಲೂ ಅಲುಗಾಡಿಸುವುದು ಕಷ್ಟ. ಕಲಬುರ್ಗಿ, ಗೌರಿ ಅವರ ನೆನಪಿಗೆ ನಾವು ಸಲ್ಲಿಸಬೇಕಾದ ಋಣವೂ ಅಂಥ ಗಟ್ಟಿ ಪುರಾವೆಯೇ.

ಹನ್ನೊಂದು ದಿನ ಮಾಲುಕೋಣೆಯಲ್ಲಿ

ಡಿಎನ್‌ಎ ಬೆರಳಚ್ಚನ್ನು ಅಲೆಕ್ ಜೆಫ್ರಿಸ್ ಕಂಡುಹಿಡಿದದ್ದು 1984ರಲ್ಲಿ, ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಹತ್ತಿರದ ಹಳ್ಳಿಗಳಲ್ಲಿ 1983 ಮತ್ತು 1986ರಲ್ಲಿ ಹದಿನೈದರ ಇಬ್ಬರು ಹುಡುಗಿಯರ ಕೊಲೆಯಾಗಿತ್ತು. ಹದಿನೇಳರ ಹುಡುಗನೊಬ್ಬ ಎರಡನೆಯ ಕೊಲೆಯನ್ನು ಒಪ್ಪಿಕೊಂಡಿದ್ದ. ಜೆಫ್ರಿಸ್ ಪರೀಕ್ಷಿಸಿದಾಗ ಎರಡೂ ಒಬ್ಬನದೇ ಕೃತ್ಯ, ಆದರೆ ಅವನು ಈ ಹುಡುಗನಲ್ಲ ಎಂದು ಗೊತ್ತಾಯಿತು. ನಿಜವಾದ ಕೊಲೆಗಾರನಿಗೆ 1988ರ ಜನವರಿಯಲ್ಲಿ ಶಿಕ್ಷೆಯಾಯಿತು. ಅಪರಾಧ ತನಿಖೆಯಲ್ಲಿ ಡಿಎನ್‌ಎ ಮೊದಲು ಮಾಡಿದ ಕೆಲಸ ನಿರಪರಾಧಿಯೊಬ್ಬನನ್ನು ಬಿಡಿಸಿದ್ದು, ಅದೂ ಅವನದೇ ತಪ್ಪೊಪ್ಪಿಗೆಯಿಂದ. ಬಾಯಿಂದ ಮಾತು ಹೊರಡಿಸುವುದೇ ತನಿಖೆ ಎಂದು ನಂಬಿದ ಎಲ್ಲರೂ ಓದಬೇಕಾದ ಚರಿತ್ರೆ ಇದು. ಅದೇ 1988ರಲ್ಲಿ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಕೇಂದ್ರದಲ್ಲಿ ಲಾಲ್ಜಿ ಸಿಂಗ್ ಭಾರತದ್ದೇ ಆದ ಡಿಎನ್‌ಎ ತಂತ್ರವನ್ನು ರೂಪಿಸಿದರು.

ಇಂಥ ವಿಜ್ಞಾನವೂ ಠಾಣೆಯ ಮಾಲುಕೋಣೆಯಲ್ಲಿ ಸೋಲಬಲ್ಲದು. ದೆಹಲಿಯ ಛಾವ್ಲಾದಲ್ಲಿ 2012ರ ಫೆಬ್ರುವರಿಯಲ್ಲಿ ಹತ್ತೊಂಬತ್ತರ ಯುವತಿಯೊಬ್ಬಳನ್ನು ಅಪಹರಿಸಿ, ಅತ್ಯಾಚಾರ ಮಾಡಿ ಕೊಂದರು. ವಿಚಾರಣಾ ನ್ಯಾಯಾಲಯ, ಹೈಕೋರ್ಟ್ ಎರಡೂ ಮೂವರಿಗೆ ಗಲ್ಲು ವಿಧಿಸಿದವು. 2022ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಮೂವರನ್ನೂ ಖುಲಾಸೆ ಮಾಡಿತು. ಫೆಬ್ರುವರಿ 14 ಮತ್ತು 16ರಂದು ಸಂಗ್ರಹಿಸಿದ ಮಾದರಿಗಳು ಪ್ರಯೋಗಾಲಯಕ್ಕೆ ಹೋದದ್ದು 27ರಂದು. ಅಲ್ಲಿಯವರೆಗೆ ಅವು ಇದ್ದದ್ದು ಠಾಣೆಯಲ್ಲಿ. ಮಾದರಿ ಕೆಡಲಿಲ್ಲ, ಯಾರೂ ಮುಟ್ಟಲಿಲ್ಲ ಎಂಬ ಖಾತರಿ ಇರಲಿಲ್ಲ. ತಜ್ಞರು ಯಾವ ತಂತ್ರ ಬಳಸಿದರು, ಅದನ್ನು ಸರಿಯಾಗಿ ಬಳಸಿದರೇ, ಯಾವ ಆಧಾರದಲ್ಲಿ ಹೊಂದಿಕೆ ಎಂದರು ಎಂಬುದನ್ನು ಕೆಳಗಿನ ಎರಡೂ ನ್ಯಾಯಾಲಯಗಳು ಕೇಳಿರಲಿಲ್ಲ. ಆ ತೀರ್ಪು ಬಂದಾಗ ಮಗಳನ್ನು ಕಳೆದುಕೊಂಡ ತಂದೆತಾಯಿಯ ದುಃಖ ದೇಶವನ್ನು ಕಲಕಿತು. ಮೂವರು ನಿರಪರಾಧಿಗಳಾಗಿದ್ದರೆ ಹತ್ತು ವರ್ಷ ಅವರ ಬದುಕು ಹೋಯಿತು, ಅಪರಾಧಿಗಳಾಗಿದ್ದರೆ ನ್ಯಾಯವೇ ಹೋಯಿತು. ಎರಡರಲ್ಲಿ ಯಾವುದು ಎಂದು ಇನ್ನು ಯಾವ ಪ್ರಯೋಗಾಲಯವೂ ಹೇಳಲಾರದು.

ರಕ್ತದ ಕಲೆಯ ಬಟ್ಟೆಯನ್ನು ನೆರಳಲ್ಲಿ ಒಣಗಿಸಿ ಕಾಗದದ ಚೀಲದಲ್ಲಿ ಇಡಬೇಕು. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ತೇವಕ್ಕೆ ಬೂಷ್ಟು ಹಿಡಿದು ಡಿಎನ್‌ಎ ಒಡೆದುಹೋಗುತ್ತದೆ. ದ್ರವದ ಮಾದರಿಗೆ ತಂಪು ಬೇಕು. ಇವೆಲ್ಲ ದೊಡ್ಡ ವಿದ್ಯೆಯಲ್ಲ. ಆದರೆ ಪಂಚನಾಮೆ ಬರೆದು, ಅರಗಿನ ಮುದ್ರೆ ಒತ್ತಿ, ಬಸ್ಸು ಹತ್ತಿ ಪ್ರಯೋಗಾಲಯಕ್ಕೆ ಒಯ್ಯುವ ಕಾನ್‌ಸ್ಟೆಬಲ್‌ಗೆ ಇದನ್ನು ಹೇಳಿಕೊಟ್ಟವರು ಯಾರು? 2025ರ ಜುಲೈನಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ಕಟ್ಟಳೆ ಮಾಡಿತು. ಡಿಎನ್‌ಎ ಮಾದರಿ 48 ಗಂಟೆಯೊಳಗೆ ಪ್ರಯೋಗಾಲಯ ಸೇರಬೇಕು. ತಡವಾದರೆ ಕಾರಣ ಬರೆಯಬೇಕು. ಮಾದರಿ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ವಹಿಯನ್ನು ಸಂಗ್ರಹದ ದಿನದಿಂದ ಪ್ರಕರಣ ಮುಗಿಯುವವರೆಗೆ ಇಡಬೇಕು.

ಹೊಸ ಕಾನೂನು, ಹಳೆಯ ಒಂದು ಸಾಲು

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಸೆಕ್ಷನ್ ಪ್ರಕಾರ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಪ್ರತಿ ಅಪರಾಧದ ಸ್ಥಳಕ್ಕೂ ವಿಧಿವಿಜ್ಞಾನ ತಜ್ಞರು ಹೋಗಬೇಕು, ವಿಡಿಯೊ ಆಗಬೇಕು. ಇದಕ್ಕೆ ಸಿದ್ಧವಾಗಲು ರಾಜ್ಯಗಳಿಗೆ ಐದು ವರ್ಷ ಅವಕಾಶವಿದೆ. ಕರ್ನಾಟಕ ಅಪರಾಧ ಸ್ಥಳಕ್ಕೆಂದೇ ಅಧಿಕಾರಿಗಳನ್ನು ನೇಮಿಸಿಕೊಂಡಿದೆ. ಮಡಿವಾಳವಲ್ಲದೆ ಮೈಸೂರು, ಮಂಗಳೂರು, ದಾವಣಗೆರೆ, ಬೆಳಗಾವಿ, ಕಲಬುರಗಿಗಳಲ್ಲೂ ಪ್ರಯೋಗಾಲಯಗಳಿವೆ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಧಾರವಾಡ ಕ್ಯಾಂಪಸ್ಸಿಗೆ 2023ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು.

ಆದರೆ ಹಳೆಯ ಒಂದು ಪದ್ಧತಿ ಹೊಸ ಕಾನೂನಿನಲ್ಲೂ ಹಾಗೇ ಉಳಿದಿದೆ. ದಂಡ ಪ್ರಕ್ರಿಯಾ ಸಂಹಿತೆಯ 293ನೇ ಸೆಕ್ಷನ್, ಈಗಿನ 329, ಸರ್ಕಾರಿ ತಜ್ಞರ ವರದಿಯನ್ನು ತಜ್ಞರನ್ನು ಕರೆಸದೆಯೇ ಸಾಕ್ಷ್ಯವಾಗಿ ಒಪ್ಪಬಹುದು ಎನ್ನುತ್ತದೆ. ಬೇಕಿದ್ದರೆ ನ್ಯಾಯಾಲಯ ಕರೆಸಬಹುದು. ಬಡ ಆರೋಪಿಯ ವಕೀಲರಿಗೆ ಡಿಎನ್‌ಎ ಗ್ರಾಫಿನ ಶಿಖರಗಳನ್ನು ಓದಲು ಬಾರದಿದ್ದರೆ ಕರೆಸಿ ಎಂದು ಕೇಳುವವರಾದರೂ ಯಾರು? ಹೀಗೆ ‘ಹೊಂದಿಕೆಯಾಗುತ್ತದೆ’ ಎಂಬ ಒಂದೇ ಸಾಲಿನ ವರದಿ ಪಾಟಿ ಸವಾಲಿಲ್ಲದೆ ಕಡತ ಸೇರಿ, ತೀರ್ಪಿನವರೆಗೂ ಸಾಗಿಬಿಡುತ್ತದೆ. ಪ್ರಯೋಗಾಲಯ ಗೃಹ ಇಲಾಖೆಯಿಂದ ಹೊರಬರಬೇಕು ಎನ್ನುವುದು ದೂರದ ಮಾತಿರಬಹುದು. ವರದಿಯ ಜೊತೆ ಕಚ್ಚಾ ದತ್ತಾಂಶವನ್ನೂ ಆರೋಪಿಯ ವಕೀಲರಿಗೆ ಕೊಡುವುದು, ಕಾನೂನು ನೆರವು ಪ್ರಾಧಿಕಾರದ ಮೂಲಕ ಅವರಿಗೊಬ್ಬ ವಿಜ್ಞಾನಿಯ ನೆರವು ಒದಗಿಸುವುದು ನಾಳೆಯೇ ಶುರುಮಾಡಬಹುದಾದ ಕೆಲಸ.

ಇಲ್ಲಿಯದೇ ಸಂಶೋಧನೆ

ಇನ್ನೊಂದು ಕೊರತೆ ನಮ್ಮ ಕಣ್ಣಿಗೆ ಬೀಳುವುದೇ ಕಡಿಮೆ. ನಾವು ಬಳಸುವ ಸೂತ್ರಗಳು ಹುಟ್ಟಿದ್ದು ಬೇರೆ ಹವೆಯಲ್ಲಿ, ಬೇರೆ ಸಮಾಜದಲ್ಲಿ.

ಸಾವಿನ ಸಮಯವನ್ನು ಅಂದಾಜು ಮಾಡಲು ಶವ ಎಷ್ಟು ತಣ್ಣಗಾಗಿದೆ ಎಂದು ನೋಡುತ್ತಾರೆ. ಅದಕ್ಕೆ ಹೆಸರುವಾಸಿಯಾದ ಕೋಷ್ಟಕವನ್ನು ರೂಪಿಸಿದವರು ಜರ್ಮನಿಯ ಹೆನ್ಸ್‌ಗೆ. ಮೇ ತಿಂಗಳ ರಾಯಚೂರಿನಲ್ಲಿ ಮಧ್ಯಾಹ್ನದ ತಾಪ 40 ಡಿಗ್ರಿ ದಾಟುತ್ತದೆ. ಅಲ್ಲಿ ಹೊಲದ ಬದುವಿನಲ್ಲಿ ಬಿದ್ದ ಶವ ತಣ್ಣಗಾಗುವುದೇ ಇಲ್ಲ, ಇನ್ನೂ ಕಾಯುತ್ತದೆ. ಕಲಬುರಗಿ, ರಾಯಚೂರಿನ ಬಿಸಿಲಿಗೆ, ಆಗುಂಬೆಯ ಮಳೆಗೆ ಬೇರೆ ಬೇರೆ ಲೆಕ್ಕ ಬೇಕು. ಆ ಲೆಕ್ಕ ಕಟ್ಟಲು ಇಲ್ಲಿಯ ಶವಾಗಾರಗಳಲ್ಲೇ ವರ್ಷಗಟ್ಟಲೆ ಅಳತೆ ತೆಗೆಯಬೇಕು.

ಡಿಎನ್‌ಎ ಹೊಂದಿಕೆಯ ಅಂಕಿಗೂ ಇದೇ ಮಾತು. ‘ಇಂಥ ಹೊಂದಿಕೆ ಆಕಸ್ಮಿಕವಾಗಿ ಆಗುವ ಸಾಧ್ಯತೆ ಕೋಟಿಗೊಂದು’ ಎನ್ನುವಾಗ ಒಂದು ಊಹೆಯಿರುತ್ತದೆ: ಜನಸಮುದಾಯದಲ್ಲಿ ಮದುವೆಗಳು ರಕ್ತಸಂಬಂಧ ನೋಡದೆ ನಡೆಯುತ್ತವೆ ಎಂದು. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ಅಧ್ಯಯನದಲ್ಲಿ ಸುಮಾರು ಮೂರನೇ ಒಂದು ಪಾಲು ಕೂಸುಗಳ ಹೆತ್ತವರು ರಕ್ತಸಂಬಂಧಿಗಳೆಂದು ಕಂಡುಬಂತು. ಸೋದರಮಾವನಿಗೆ ಕೊಡುವ, ಅತ್ತೆ ಮಗಳನ್ನು ತರುವ ಸಂಪ್ರದಾಯ ನಮ್ಮದು. ಒಂದೇ ಊರಿನ ಒಂದೇ ಕುಲದಲ್ಲಿ ತಲೆಮಾರುಗಳಿಂದ ಹೀಗೆ ಮದುವೆಗಳು ನಡೆದಿದ್ದರೆ, ಆರೋಪಿಯ ಡಿಎನ್‌ಎ ಅವನ ದಾಯಾದಿಯದಕ್ಕೆ ಬೇರೆಡೆಗಿಂತ ಹೆಚ್ಚು ಹತ್ತಿರವಿರುತ್ತದೆ. ಹಳ್ಳಿಯ ಅಪರಾಧದಲ್ಲಿ ಎರಡನೆಯ ಶಂಕಿತ ಆ ದಾಯಾದಿಯೇ ಆಗಿರುವುದು ಅಪರೂಪವೂ ಅಲ್ಲ. ಕಲೆ ಚಿಕ್ಕದಿದ್ದು ಅರ್ಧ ಡಿಎನ್‌ಎ ಚಿತ್ರ ಮಾತ್ರ ಸಿಕ್ಕಾಗ, ಇಬ್ಬರ ಡಿಎನ್‌ಎ ಬೆರೆತಾಗ ಈ ವ್ಯತ್ಯಾಸ ಒಬ್ಬರ ತಲೆ ಉಳಿಸಬಹುದು ಇಲ್ಲವೇ ಕಳೆಯಬಹುದು.

ನಾಡ ಪಿಸ್ತೂಲಿನದು ಮೂರನೆಯ ಉದಾಹರಣೆ. ಗುಂಡಿನ ಗೀರುಗಳ ಬಗೆಗಿನ ಅಧ್ಯಯನಗಳು ಬಹುಪಾಲು ನಡೆದಿರುವುದು ಕಾರ್ಖಾನೆಯಲ್ಲಿ ತಯಾರಾದ ಬಂದೂಕುಗಳ ಮೇಲೆ. ಕುಲುಮೆಯಲ್ಲಿ, ಲೇತಿನ ಮೇಲೆ ಕದ್ದುಮುಚ್ಚಿ ತಯಾರಾದ ನಳಿಗೆಯಲ್ಲಿ ಸುರುಳಿಗೆರೆಗಳೇ ಇರದಿರಬಹುದು, ಪ್ರತಿ ಗುಂಡೂ ಬೇರೆ ರೀತಿ ಉಜ್ಜಿಕೊಂಡು ಹೋಗಬಹುದು. ನೂರಾರು ನಾಡ ಪಿಸ್ತೂಲುಗಳು ವಶವಾಗಿ ದೇಶದ ಮಾಲುಕೋಣೆಗಳಲ್ಲಿ ತುಕ್ಕು ಹಿಡಿಯುತ್ತಿವೆ. ಅವುಗಳಿಂದ ಗುಂಡು ಹಾರಿಸಿ, ಯಾವ ಗುಂಡು ಯಾವುದರದ್ದೆಂದು ತಿಳಿಸದೆ ತಜ್ಞರ ಮುಂದಿಟ್ಟು, ಎಷ್ಟು ಸಲ ಸರಿ ಹೇಳಿದರು, ಎಷ್ಟು ಸಲ ತಪ್ಪಿದರು ಎಂದು ಲೆಕ್ಕ ಹಿಡಿಯಬಹುದು. ಧಾರವಾಡದ ಕ್ಯಾಂಪಸ್ಸಿನ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಸಂಶೋಧನಾ ವಿಷಯ ಬೇರೆ ಬೇಕಿಲ್ಲ. ಆ ಲೆಕ್ಕ ಪ್ರಬಂಧವಾಗಿ ಕಪಾಟು ಸೇರಬಾರದು. ಮಡಿವಾಳದಿಂದ ಹೊರಡುವ ಪ್ರತಿ ವರದಿಯಲ್ಲೂ ತಜ್ಞರ ಸಹಿಯ ಮೇಲೆ ಅದು ಅಚ್ಚಾಗಬೇಕು: ಈ ವಿಧಾನದಲ್ಲಿ, ಈ ಪ್ರಯೋಗಾಲಯದಲ್ಲಿ, ನೂರು ಹೋಲಿಕೆಗೆ ಇಷ್ಟು ತಪ್ಪಾಗಿವೆ.